ಹನ್ನೊಂದು ಮನೆಗಳಿಗೆ ಒಂದೇ ಹಿತ್ತಲು

ಮೈಸೂರಿನಲ್ಲಿ ನಾವಿರುವ ಬಡಾವಣೆಯ ಎರಡು ಅಡ್ಡರಸ್ತೆಗಳು ಕೂಡುವ ಮೂಲೆಯಲ್ಲಿ 40×60 ಅಡಿಯ ಒಂದು ನಿವೇಶನವುಂಟು. ಬಡಾವಣೆಯ ನಕ್ಷೆಯಲ್ಲಿ ಅದನ್ನು ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟಿದ್ದರೂ, ಆ ಉಪಯೋಗ ಯಾವುದೆಂಬುದನ್ನು ಯಾರೂ ನಿಶ್ಚಯಿಸದೆ ಹೋದುದರಿಂದ, ಬಹುಕಾಲ ಅದು ಕಾಂಗ್ರೆಸ್ ಗಿಡಕ್ಕೂ, ಯಾರದೋ ಮನೆ ಕೆಡವಿದ ಇಟ್ಟಿಗೆಚೂರುಗಳಿಗೂ, ಗಣೇಶನ ಚಪ್ಪರ ಬಿಚ್ಚಿದ ಮೇಲೆ ಉಳಿದ ಗಳಗಳಿಗೂ ಆಶ್ರಯಸ್ಥಾನವಾಗಿ, ರಾತ್ರಿಯ ಹೊತ್ತು ಕಸದ ಚೀಲವನ್ನೆಸೆದು ಹಿಂದಿರುಗಿ ನೋಡದೆ ನಡೆದುಬಿಡುವ ಸಂಭಾವಿತರಿಗೆ ಪರಮ ಅನುಕೂಲವಾಗಿ ಇತ್ತು. ಈಗ ಅಲ್ಲಿ ಹನ್ನೊಂದು ಮನೆಯವರು ಕೂಡಿ ತರಕಾರಿ ಬೆಳೆಯುತ್ತೇವೆ. ಇದು ಮೂರನೆಯ ವರ್ಷ. ಬೆಳೆಯುವ ವಿದ್ಯೆಯನ್ನು ಕುರಿತು ಬರೆಯತಕ್ಕ ಪ್ರಾಜ್ಞರು ಬೇಕಾದಷ್ಟು ಮಂದಿ ಇದ್ದಾರೆ. ಆ ಅಧಿಕಾರ ನನಗಿಲ್ಲ. ನಾನು ಹೇಳಬೇಕೆಂದಿರುವುದು ಬೆಳೆದುದನ್ನು ಹಂಚಿಕೊಳ್ಳುವ ಕಷ್ಟದ ವಿಚಾರ. ಬೆಂಡೆಯ ಬೀಜ ಊರಿದ ದಿನದಿಂದ ಮೊದಲ ಕಾಯಿ ಕೀಳುವವರೆಗೆ ಐವತ್ತು ದಿನ ಸಾಕು. ಆ ಕಾಯಿಯನ್ನು ಮನಸ್ತಾಪವಿಲ್ಲದೆ ಹನ್ನೊಂದು ಮನೆಗೆ ಮುಟ್ಟಿಸುವುದನ್ನು ಕಲಿಯುವುದಕ್ಕೆ ನಮಗೆ ಎರಡು ವರ್ಷ ಹಿಡಿಯಿತು.

ಹಿತ್ತಲೆಂಬುದು ನಮ್ಮ ಹಿರಿಯರಿಗೆ ಮನೆಯ ಒಂದು ಅಂಗವೇ ಆಗಿತ್ತು. ಬಾವಿಯ ಪಕ್ಕದಲ್ಲಿ ಬಾಳೆ, ಬಚ್ಚಲ ನೀರು ಹರಿಯುವ ಕಡೆ ಕೆಸುವು, ಕರಿಬೇವು, ದೊಡ್ಡಪತ್ರೆ, ಗೋಡೆಯ ಮೇಲೆ ಹಬ್ಬಿದ ತೊಂಡೆಬಳ್ಳಿ, ಇವುಗಳಿಗೆ ಯಾರೂ ತೋಟಗಾರಿಕೆಯೆಂಬ ದೊಡ್ಡ ಹೆಸರನ್ನು ಇಟ್ಟಿರಲಿಲ್ಲ. ಈಗಿನ ಮನೆಗಳಲ್ಲಿಯೂ ಹಿತ್ತಲ ಬಾಗಿಲೆಂಬುದೇನೋ ಇದೆ. ಅದನ್ನು ತೆರೆದರೆ ಮೂರಡಿಯ ಸಂದು, ಆಮೇಲೆ ಪಕ್ಕದವರ ಕಾಂಪೌಂಡಿನ ಗೋಡೆ. ಹೀಗೆ ಹಿತ್ತಲನ್ನು ಕಳೆದುಕೊಂಡ ಹನ್ನೊಂದು ಸಂಸಾರಗಳು ಒಂದೇ ಹಿತ್ತಲನ್ನು ಪಾಲಿಗೆ ತೆಗೆದುಕೊಂಡವೆಂದು ನಮ್ಮ ತೋಟವನ್ನು ವರ್ಣಿಸಿದರೆ ತಪ್ಪಾಗದು.

ಮೊದಲು ಅಪ್ಪಣೆ ಬೇಕಾಗಿತ್ತು. ಸಂಬಂಧಪಟ್ಟ ಕಚೇರಿಗೆ ನಾವು ನಾಲ್ವರು ಅರ್ಜಿ ಹಿಡಿದುಕೊಂಡು ಹೋದೆವು. ಅಲ್ಲಿದ್ದ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ಉದ್ಯಾನವನದ ಫೈಲಿಗೆ ಸೇರುತ್ತದೋ, ಕಸದ ಫೈಲಿಗೆ ಸೇರುತ್ತದೋ ನೀವೇ ಹೇಳಿ" ಎಂದರು. ಅವರ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಹೂವಿನ ಉದ್ಯಾನಕ್ಕೆ ನಿಯಮವುಂಟು, ದೇವಸ್ಥಾನಕ್ಕೆ ಉಂಟು, ಹಾಲಿನ ಕೇಂದ್ರಕ್ಕೆ ಉಂಟು, ಬದನೆಗಿಡಕ್ಕೆ ಮಾತ್ರ ಅವರ ಪುಸ್ತಕದಲ್ಲಿ ಶೀರ್ಷಿಕೆಯಿರಲಿಲ್ಲ. ಇಂಗ್ಲೆಂಡಿನಲ್ಲಿ 1908ರ ಒಂದು ಶಾಸನದ ಪ್ರಕಾರ, ಊರಿನವರು ತರಕಾರಿ ಬೆಳೆದುಕೊಳ್ಳಲು ನೆಲ ಬೇಕೆಂದು ಕೇಳಿದರೆ ಅದನ್ನು ಒದಗಿಸುವುದು ಅಲ್ಲಿಯ ಸ್ಥಳೀಯ ಸಂಸ್ಥೆಯ ಕರ್ತವ್ಯ. ರೂಢಿಯಂತೆ ಅಲ್ಲಿ ಒಬ್ಬರಿಗೆ ಕೊಡುವ ತುಂಡು ಸುಮಾರು 250 ಚದರ ಮೀಟರು; ಎಂದರೆ ನಮ್ಮ 40×60 ನಿವೇಶನಕ್ಕಿಂತ ತುಸು ದೊಡ್ಡದು. ಅಲ್ಲಿ ಒಬ್ಬನಿಗೆ ಸಲ್ಲುವ ನೆಲದಲ್ಲಿ ನಾವು ಹನ್ನೊಂದು ಮನೆಯವರು ಇದ್ದೇವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಲಹಗಳೆಲ್ಲ ಅದರಿಂದಲೇ ಹುಟ್ಟಿದುವು. ಎರಡನೆಯ ಮಹಾಯುದ್ಧದಲ್ಲಿ ಆ ದೇಶದವರು ಲಂಡನ್ ಕೋಟೆಯ ಕಂದಕದಲ್ಲಿಯೂ ತರಕಾರಿ ಹಾಕಿದರು. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬಾಕೆಯೂ ಆಕೆಯ ಗೆಳೆಯರೂ ಕಸ ತುಂಬಿದ ಒಂದು ಮೂಲೆಯನ್ನು ಹಸನುಮಾಡಿ ತೋಟವನ್ನೆಬ್ಬಿಸಿದ ಮೇಲೆ, ಮರುವರ್ಷ ಆ ನಗರ ತಿಂಗಳಿಗೆ ಒಂದು ಡಾಲರಿನ ಬಾಡಿಗೆಗೆ ಅದನ್ನು ಅವರಿಗೆ ಬಿಟ್ಟುಕೊಟ್ಟಿತು. ನಮ್ಮ ಅರ್ಜಿ ಯಾವ ಫೈಲಿಗೆ ಸೇರಿತೋ ಇಂದಿಗೂ ತಿಳಿಯದು. ಬೇಡವೆಂಬ ಉತ್ತರವೂ ಬಾರದೆ ಹೋದುದರಿಂದ, ಮೌನವನ್ನೇ ಸಮ್ಮತಿಯೆಂದು ಭಾವಿಸಿ, ರೋಹಿಣಿ ಮಳೆ ಬಿದ್ದ ಮರುದಿನ ಹಾರೆ ಗುದ್ದಲಿ ಹಿಡಿದೆವು.

ಕಾಂಗ್ರೆಸ್ ಗಿಡ ಕಿತ್ತು ಕೈ ನವೆಯೆದ್ದುದು, ಇಟ್ಟಿಗೆಚೂರು ಆರಿಸಿ ಬೆನ್ನು ಹಿಡಿದುಕೊಂಡುದು, ಇವೆಲ್ಲ ಹೊಸಗಸುಬಿಗರ ಕಥೆಯಲ್ಲಿ ಇದ್ದದ್ದೇ. ನಮ್ಮ ಅಜ್ಞಾನದ ಆಳ ಗೊತ್ತಾದುದು ದಂಟಿನ ಸೊಪ್ಪಿನ ಬೀಜ ಚೆಲ್ಲಿದ ದಿನ. ಸಾಸಿವೆಗಿಂತಲೂ ಸಣ್ಣದಾದ, ನುಣುಪಾದ ಆ ಕರಿಯ ಬೀಜವನ್ನು ನಮ್ಮಲ್ಲೊಬ್ಬರು, ಅವರು ನಿವೃತ್ತ ಎಂಜಿನಿಯರು, ಅಳತೆಪಟ್ಟಿ ಇಟ್ಟುಕೊಂಡು ಗೆರೆ ಎಳೆದು ಚಿಟಿಕೆ ಚಿಟಿಕೆಯಾಗಿ ಹಾಕುತ್ತಿದ್ದರು. ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾರದೆ, "ಮರಳು ಕಲಸ್ಕೊಂಡು ಚೆಲ್ಲಿ ಸ್ವಾಮಿ, ಬರೀ ಬೀಜ ಹಿಡುದ್ರೆ ಒಂದೇ ತಾವ ಬಿದ್ದೋಯ್ತದೆ" ಎಂದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹಿಡಿ ಬೀಜಕ್ಕೆ ನಾಲ್ಕು ಹಿಡಿ ಒಣಮರಳು ಬೆರೆಸಿ, ಮಡಿಯ ಉದ್ದಕ್ಕೂ ಹಿಂದಕ್ಕೆ ಹೆಜ್ಜೆಯಿಡುತ್ತ, ರಂಗೋಲಿಯ ಹುಡಿ ಉದುರಿಸುವವಳಂತೆ ಬೆರಳ ಸಂದಿಯಿಂದ ಬಿಟ್ಟುಕೊಂಡು ಹೋದಳು. ಮೂರು ನಿಮಿಷದ ಕೆಲಸ. ಐದನೆಯ ದಿನ ಮಡಿಯೆಲ್ಲ ಒಂದೇ ಸಮನಾಗಿ ಹಸಿರಾಯಿತು. ಎಂಜಿನಿಯರ ಗೆರೆಗಳು ಮಾತ್ರ ಅಲ್ಲೊಂದು ಗುಪ್ಪೆ, ಇಲ್ಲೊಂದು ಬಯಲು ಆಗಿ ನಿಂತುವು.

ನಮ್ಮಿಂದ ಅವಳ ವ್ಯಾಪಾರಕ್ಕೆ ಕುಂದಾಗಬಹುದೆಂಬ ಸಂಕೋಚ ನನ್ನನ್ನು ಬಾಧಿಸುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಅವಳು ನಕ್ಕು, "ಅಯ್ಯೋ, ಈರುಳ್ಳಿ ಆಲೂಗೆಡ್ಡೆ ಬೆಳ್ಯಕಾಯ್ತದಾ ನಿಮ್ಗೆ?" ಎಂದಳು. ಈ ಮೂರನೆಯ ವರ್ಷದಲ್ಲಿಯೂ ಆಗಿಲ್ಲ.

ಹಂಚಿಕೆಯ ವಿಚಾರಕ್ಕೆ ಬರುತ್ತೇನೆ. ಮೊದಲ ವರ್ಷ ನಾವು ಧರ್ಮರಾಯನ ಮೊಮ್ಮಕ್ಕಳಂತೆ ವರ್ತಿಸಿದೆವು. ಭಾನುವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಸೇರಿ ಕಿತ್ತು, ಒಂದು ಮಂಕರಿಗೆ ಹಾಕಿ, ತಕ್ಕಡಿಯಲ್ಲಿ ತೂಗಿ, ಹನ್ನೊಂದರಿಂದ ಭಾಗಿಸಿ, ಮನೆಮನೆಯ ಹೆಸರು ಬರೆದ ಪುಸ್ತಕದಲ್ಲಿ ದಾಖಲಿಸಿ ಒಯ್ಯತಕ್ಕದ್ದೆಂದು ಗೊತ್ತುಮಾಡಿದೆವು. ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೇನು? ಆದರೆ ನ್ಯಾಯವಾಗಿರುವ ಏರ್ಪಾಡೆಲ್ಲ ನಡೆಯತಕ್ಕ ಏರ್ಪಾಡಾಗಬೇಕೆಂಬ ನಿಯಮವಿಲ್ಲ. ಆರು ಜನರಿರುವ ಮನೆಗೂ ಒಂಟಿಯಾಗಿರುವ ಅಜ್ಜಿಗೂ ಒಂದೇ ತೂಕ ಹೇಗೆ ಸಲ್ಲುತ್ತದೆಂದು ಒಬ್ಬರು ಕೇಳಿದರು. ದಿನವೂ ನೀರು ಹೊತ್ತವರಿಗೂ ಭಾನುವಾರ ಮಾತ್ರ ಚೀಲ ಹಿಡಿದು ಬರುವವರಿಗೂ ಒಂದೇ ಪಾಲೇ ಎಂದು ಇನ್ನೊಬ್ಬರು ಕೇಳಿದರು. ಒಂದು ವಾರ ಎಳೆಯ ಬೆಂಡೆಗಳೆಲ್ಲ ಒಂದು ಪಾಲಿಗೂ ಬಲಿತವೆಲ್ಲ ಇನ್ನೊಂದಕ್ಕೂ ಬಿದ್ದು, ತೂಕ ಸಮವಾಗಿದ್ದರೂ ಮುಖಗಳು ಸಮವಾಗಿರಲಿಲ್ಲ. ಒಂದೇ ಒಂದು ಸೋರೆಕಾಯಿ ಬಂದ ಭಾನುವಾರವಂತೂ ಅದನ್ನು ಹನ್ನೊಂದು ತುಂಡು ಮಾಡಿ ಹಂಚಿದೆವೆಂದರೆ ನಂಬುವಿರೋ ಇಲ್ಲವೋ! ನನ್ನ ಪಾಲಿಗೆ ಬಂದುದು ನಾಲ್ಕು ಬೆರಳಗಲದ ಒಂದು ಬಿಲ್ಲೆ. ಅದನ್ನು ಮನೆಗೆ ತಂದಾಗ ನನ್ನ ಹೆಂಡತಿ, "ಇದು ತರಕಾರಿಯೋ ಪ್ರಸಾದವೋ?" ಎಂದು ಕೇಳಿದಳು.

ಆ ಪ್ರಶ್ನೆಯಲ್ಲಿಯೇ ಉತ್ತರದ ಬೀಜವಿತ್ತೆಂಬುದು ನನಗೆ ಹೊಳೆದುದು ಬಹಳ ತಡವಾಗಿ. ತರಕಾರಿಯು ಧಾನ್ಯದಂತಲ್ಲ. ರಾಗಿಯನ್ನು ಕಣಜದಲ್ಲಿಟ್ಟು ವರ್ಷವೆಲ್ಲ ಅಳೆದು ಕೊಡಬಹುದು. ಬೆಂಡೆ ಎರಡು ದಿನ ಗಿಡದಲ್ಲಿ ಉಳಿದರೆ ನಾರಾಗುತ್ತದೆ, ಹೀರೆ ಬಲಿತರೆ ಬೆನ್ನುಜ್ಜುವುದಕ್ಕೆ ಮಾತ್ರ ಯೋಗ್ಯ, ಹಾಗಲ ಹಣ್ಣಾಗಿ ಬಿರಿದು ಕೆಂಪು ಬೀಜ ತೋರಿಸಿ ನಮ್ಮನ್ನು ಅಣಕಿಸುತ್ತದೆ. ಅದೂ ಅಲ್ಲದೆ, ಬಳ್ಳಿಗೆ ನಮ್ಮ ಭಾನುವಾರದ ಪರಿವೆಯಿಲ್ಲ. ಮೂರು ವಾರ ಹೂ ಹೂವೆಂದು ಆಸೆ ತೋರಿಸಿ ಒಂದು ಕಾಯನ್ನೂ ಕೊಡದಿದ್ದ ಸೋರೆಬಳ್ಳಿ, ಕೊಡಲಾರಂಭಿಸಿದ ಮೇಲೆ ಒಂದೇ ವಾರದಲ್ಲಿ ಒಂಬತ್ತು ಕಾಯಿ ಇಳಿಸಿತು. ಕಾಯಿ ಒಂದಿದ್ದಾಗ ಹನ್ನೊಂದು ಜನಕ್ಕೂ ಬೇಕು. ಒಂಬತ್ತಾದಾಗ ಯಾರಿಗೂ ಬೇಡ! ಈ ಸ್ವಭಾವದ ವಸ್ತುವಿಗೆ ತಕ್ಕಡಿಯ ನ್ಯಾಯ ಹೊಂದುವುದಿಲ್ಲ. ಹಳ್ಳಿಯಲ್ಲಿ ಹಿತ್ತಲಿನ ಬದನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಕೊಟ್ಟುಬರುತ್ತಿದ್ದ ನಮ್ಮ ಅಜ್ಜಿಯರದು ಔದಾರ್ಯವೆಂದು ನಾವು ಕೊಂಡಾಡುತ್ತೇವೆ. ಔದಾರ್ಯವಿತ್ತು, ನಿಜ; ಅದಕ್ಕಿಂತ ಹೆಚ್ಚಾಗಿ, ಕೊಡದೆ ಇಟ್ಟುಕೊಂಡರೆ ಕೊಳೆಯುತ್ತದೆಂಬ ವ್ಯವಹಾರಜ್ಞಾನವಿತ್ತು.

ಎರಡನೆಯ ವರ್ಷದ ನಡುವೆ ತಕ್ಕಡಿಯೂ ಪುಸ್ತಕವೂ ಮೂಲೆಗೆ ಸೇರಿದುವು. ಹಳೆಯ ಮನೆಯೊಂದನ್ನು ಕೆಡವುವಾಗ ಸಿಕ್ಕ ಬಟ್ಟೆ ಒಗೆಯುವ ಕಲ್ಲನ್ನು ನಾಲ್ಕು ಜನ ಉರುಳಿಸಿಕೊಂಡು ತಂದು ತೋಟದ ಬಾಗಿಲ ಬಳಿ, ಹೊಂಗೆಮರದ ನೆರಳಿನಲ್ಲಿ ಇಟ್ಟೆವು. ಈಗ ನಡೆದಿರುವ ಪದ್ಧತಿಯಿಷ್ಟೆ: ಯಾರು ಯಾವಾಗ ಬೇಕಾದರೂ ಕೀಳಬಹುದು, ತನ್ನ ಮನೆಯ ಆ ಹೊತ್ತಿನ ಸಾರಿಗೋ ಪಲ್ಯಕ್ಕೋ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಕಲ್ಲಿನ ಮೇಲಿಡಬೇಕು, ಕಲ್ಲಿನ ಮೇಲಿರುವುದು, ಹನ್ನೊಂದು ಮನೆಯವರೇ ಆಗಲಿ, ದಾರಿಹೋಕರೇ ಆಗಲಿ, ಒಯ್ದವರದು. ಹೆಚ್ಚು ಒಯ್ಯುವವರು ಇದ್ದಾರೆಯೇ ಎಂದರೆ ಇದ್ದಾರೆ. ಆದರೆ ಕಲ್ಲಿನ ಮೇಲಿನ ಹೀರೇಕಾಯನ್ನು ಹಾಡುಹಗಲಿನಲ್ಲಿ, ಎದುರುಮನೆಯ ಜಗಲಿಯ ಮೇಲೆ ಅಜ್ಜಿ ಕುಳಿತಿರುವಾಗ, ಐದಾರು ಎತ್ತಿಕೊಳ್ಳುವುದಕ್ಕೆ ಬೇಕಾದ ಧೈರ್ಯ ಬಹಳ ಮಂದಿಯಲ್ಲಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸರು ಮೊದಮೊದಲು ಹಿಂದೆ ಮುಂದೆ ನೋಡುತ್ತಿದ್ದರು. ಅಜ್ಜಿಯೇ ಕರೆದು, "ತಗೊಂಡ್ ಹೋಗೇ, ಸಂಜೆ ಹೊತ್ತಿಗೆ ಬಾಡಿಹೋಗತ್ತೆ" ಎಂದು ಒಂದೆರಡು ದಿನ ಹೇಳಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಲ್ಲು ಖಾಲಿಯಾಗತೊಡಗಿತು. ಒಂದೇ ಒಂದು ಕಟ್ಟಳೆಯನ್ನು ಹಲಗೆಯ ಮೇಲೆ ಬರೆಸಿದ್ದೇವೆ: ಸೋರೆಕಾಯನ್ನು ಕೊಯ್ದೊಡನೆ ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡಬೇಕು, ಕಹಿಯಿದ್ದರೆ ಉಗಿದು ಕಾಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಕು. ಕಹಿಸೋರೆ ಹೊಟ್ಟೆಗೆ ಹೋದರೆ ವಾಂತಿಭೇದಿಯಾಗಿ ಪ್ರಾಣಕ್ಕೂ ಅಪಾಯವಾಗುವುದುಂಟು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ನೆರೆಯವರಿಗೆ ಕೊಡುವ ವಸ್ತುವಿನಲ್ಲಿ ಈ ಎಚ್ಚರ ಇರಲೇಬೇಕು.

ತೋಟದ ಋತುವಿಗೂ ಪಂಚಾಂಗದ ಋತುವಿಗೂ ನಡುವೆಯೂ ಒಂದು ಕೊಡುಕೊಳೆ ಇದೆಯೆಂಬುದು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದುದು. ಆಷಾಢ ಶುದ್ಧ ಏಕಾದಶಿಯಿಂದ ಒಂದು ತಿಂಗಳು ಮಾಧ್ವರ ಮನೆಗಳಲ್ಲಿ ಶಾಕವ್ರತ; ಸೊಪ್ಪು ತರಕಾರಿಗಳು ವರ್ಜ್ಯ. ಮುಂಗಾರಿನ ಬೆಳೆ ಕೈಗೆ ಬರುವುದೂ ಸರಿಯಾಗಿ ಆಗಲೇ. ನಮ್ಮ ಹನ್ನೊಂದರಲ್ಲಿ ಮೂರು ಮನೆಗಳು ಆ ವ್ರತವನ್ನು ಹಿಡಿಯುತ್ತವೆಯಾದುದರಿಂದ, ತಾವು ನೆಟ್ಟು, ನೀರೆರೆದು, ಹುಳು ಆರಿಸಿದ ಬದನೆಯನ್ನು ಮುಟ್ಟದೆ ಪೂರ್ತಿಯಾಗಿ ಕಲ್ಲಿನ ಮೇಲಿಡುವ ಆ ಗೃಹಿಣಿಯರ ಮುಖದಲ್ಲಿ ವ್ರತದ ಪುಣ್ಯಕ್ಕಿಂತ ಬದನೆಯ ಮೇಲಿನ ಮಮತೆಯೇ ಹೆಚ್ಚಾಗಿ ಕಾಣುತ್ತಿರುತ್ತದೆ. ವ್ರತ ಆರಂಭವಾಗಿ ಎರಡು ತಿಂಗಳಾದ ಮೇಲೆ ಪಿತೃಪಕ್ಷ ಬರುತ್ತದೆ. ಶ್ರಾದ್ಧದ ಅಡಿಗೆಗೆ ಎಲೆಕೋಸು ಟೊಮ್ಯಾಟೊಗಳಂಥ ಪರದೇಶದ ತರಕಾರಿ ಸಲ್ಲದು. ಹಾಗಲ, ಗೋರಿಕಾಯಿ, ಬಾಳೆಕಾಯಿಗಳಿಗೆ ಆಗ ಪೇಟೆಯಲ್ಲಿ ಬೆಲೆಯೇರುತ್ತದೆ. ಆ ಹದಿನೈದು ದಿನ ನಮ್ಮ ಹಾಗಲದ ಚಪ್ಪರಕ್ಕೆ ಬರುವ ಮರ್ಯಾದೆ ಮತ್ತಾವಾಗಲೂ ಬರುವುದಿಲ್ಲ. ಯಾರ ಮನೆಯಲ್ಲಿ ಯಾವ ತಿಥಿಯೆಂಬುದನ್ನು ಕೇಳಿಕೊಂಡು, ಆ ಮನೆಗೆಂದು ಕಾಯನ್ನು ಬಳ್ಳಿಯಲ್ಲಿಯೇ ಬಿಟ್ಟು, ಗುರುತಿಗೊಂದು ದಾರ ಕಟ್ಟಿಡುತ್ತೇವೆ. ಇದನ್ನು ಯಾರೂ ಕಟ್ಟಳೆಯೆಂದು ಮಾಡಿದ್ದಲ್ಲ. ಇನ್ನು ಧನುರ್ಮಾಸದ ಅವರೆಯ ಮಾತೇ ಬೇರೆ. ಹಗಲು ಕುಗ್ಗಿದಾಗ ಮಾತ್ರ ಹೂವೇರುವ ನಾಡ ಅವರೆಯ ಸೊಗಡು ಹಲ್ಲಿಗೂ ಮೂಗಿಗೂ ಮುಟ್ಟಿದ ಮೇಲೆ ಮೈಸೂರಿನವರಲ್ಲಿ ಔದಾರ್ಯವನ್ನು ನಿರೀಕ್ಷಿಸಬಾರದು. ಆ ದಿನಗಳಲ್ಲಿ ಕಲ್ಲಿನ ಮೇಲೆ ಅವರೆಕಾಯಿ ಕಂಡುದು ನನಗೆ ನೆನಪಿಲ್ಲ.

ಬೀಜದ ವಿಚಾರದಲ್ಲಿ ನಮ್ಮ ಜಗಳಗಳು ಹೆಚ್ಚು ಸ್ವಾರಸ್ಯವಾದುವು. ಉಡುಪಿಯ ಕಡೆಯ ಒಬ್ಬರು ಊರಿನಿಂದ ಮಟ್ಟುಗುಳ್ಳದ ಬೀಜ ತಂದರು. ಮಟ್ಟು ಗ್ರಾಮದವರಿಗೆ ವಾದಿರಾಜರು ಈ ಬದನೆಯ ಬೀಜವನ್ನು ಅನುಗ್ರಹಿಸಿದರೆಂಬುದು ಅಲ್ಲಿಯ ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಇತ್ತ ಮೈಸೂರಿನ ಹಳಬರೊಬ್ಬರಿಗೆ ಈರನಗೆರೆ ಬದನೆಯನ್ನು ಬಿಟ್ಟು ಭೂಮಂಡಲದಲ್ಲಿ ಬೇರೆ ಬದನೆಯೇ ಇಲ್ಲ. ಎರಡೂ ಪಕ್ಕಪಕ್ಕದ ಮಡಿಗಳಲ್ಲಿ ಬೆಳೆದುವು; ಎರಡು ಮನೆಗಳಲ್ಲಿಯೂ ಪಂಕ್ತಿ ನಡೆದು, ನಾವು ಒಂಬತ್ತು ಮನೆಯವರು ತೀರ್ಪುಗಾರರಾಗಿ ಎರಡು ಕಡೆಯೂ ಹೊಟ್ಟೆತುಂಬ ಉಂಡೆವು. ನನ್ನ ತೀರ್ಪನ್ನು ಇಲ್ಲಿ ನಿರ್ಭಯವಾಗಿ ಹೇಳುತ್ತೇನೆ: ನಮ್ಮ ಕೆಂಪುಮಣ್ಣಿನಲ್ಲಿ ಗುಳ್ಳದ ಗಿಡ ಬೆಳೆಯಿತು, ಗುಂಡಗಿನ ಕಾಯಿಯೂ ಬಿಟ್ಟಿತು, ಆದರೆ ಅದು ಗುಳ್ಳವಾಗಲಿಲ್ಲ. ಕಡಲ ಮಗ್ಗುಲಿನ ಆ ಮಣ್ಣನ್ನೂ ಗಾಳಿಯನ್ನೂ ಬೀಜದ ಪೊಟ್ಟಣದಲ್ಲಿ ಕಟ್ಟಿ ತರುವಂತಿದ್ದರೆ ಫಲ ಬೇರೆಯಾಗುತ್ತಿತ್ತೇನೋ.

ಹಾಲುಬೆಂಡೆಯ ಬೀಜ ನಮಗೆ ಶಿರಸಿಯ ಕಡೆಯಿಂದ ಬಂತು. ಮಲೆನಾಡಿನ ಹೆಂಗಸರು ಹಿತ್ತಲಿನ ಬೀಜಗಳನ್ನು ಒಬ್ಬರಿಂದೊಬ್ಬರು ಕೊಟ್ಟು ಕೊಂಡು ಕಾಪಾಡಿಕೊಂಡು ಬರುತ್ತಿದ್ದ ಹಳೆಯ ರೂಢಿಯನ್ನು ಅಲ್ಲಿ 2001ರಲ್ಲಿ ಆರಂಭವಾದ ವನಸ್ತ್ರೀ ಎಂಬ ಸಂಸ್ಥೆ ಮುಂದುವರಿಸಿಕೊಂಡು ಬಂದಿದೆ. ಅವರ ಮೇಳಗಳಲ್ಲಿ ಬೀಜ, ಗೆಡ್ಡೆ, ಕಡ್ಡಿಗಳು ಕೈಯಿಂದ ಕೈಗೆ ಸಾಗುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯನ್ನೂ ಬೆಳೆದಿದ್ದೇವೆ. ಎಲೆ ಹಳದಿಯಾಗಿ ಗಿಡ ಕುಗ್ಗಿಹೋಗುವ ನಂಜುರೋಗವನ್ನು ತಡೆದುಕೊಳ್ಳಲೆಂದು ಬೆಳೆಸಿದ ತಳಿಯದು. ನಮ್ಮಲ್ಲಿ ಆ ರೋಗ ಬಂದ ವರ್ಷ ಅದು ತನ್ನ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ರುಚಿಗೆ ಹಾಲುಬೆಂಡೆ, ಫಸಲಿಗೆ ಅನಾಮಿಕಾ. ಇವೆರಡರ ಅಡ್ಡಬೆರಕೆ ಆಗದಂತೆ, ಬೀಜಕ್ಕೆ ಬಿಡುವ ಹೂವಿಗೆ ಹಿಂದಿನ ಸಂಜೆಯೇ ತೆಳುಬಟ್ಟೆಯ ಚೀಲ ಕಟ್ಟುವ ಕೆಲಸ ಒಬ್ಬ ಹೈಸ್ಕೂಲು ಹುಡುಗಿಯದು. ಕುಂಬಳದ ಹೂವಿನ ಮದುವೆ ಮಾಡಿಸುವವಳೂ ಅವಳೇ. ಸಿಹಿಗುಂಬಳದ ಹೂ ಸೂರ್ಯೋದಯಕ್ಕೆ ಮೊದಲೇ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡಿಬಿಡುತ್ತದೆ. ಶಾಲೆಗೆ ಹೊರಡುವ ಮುನ್ನ ಅವಳು ಬಂದು, ತೊಟ್ಟು ನೆಟ್ಟಗಿರುವ ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಿನ ಹಳದಿ ಕಡ್ಡಿಯನ್ನು, ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣುಹೂವಿನ ಒಳಗೆ ಮೆಲ್ಲಗೆ ಸವರುತ್ತಾಳೆ. ಕಿವಿಯಲ್ಲಿ ಬತ್ತಿಯಿಟ್ಟಂತಹ ಹಗುರವಾದ ಕೈ. ಜೇನು ಬಾರದ ದಿನಗಳಲ್ಲಿ ನಮಗೆ ಕುಂಬಳ ದಕ್ಕಿದುದು ಆ ಕೈಯಿಂದಲೇ.

ಕೊಟ್ಟರೆ ಕಡಿಮೆಯಾಗದ ಗಿಡಗಳೂ ಕೆಲವುಂಟು. ನಮ್ಮ ತೋಟದ ಬಸಳೆ ಒಂದು ಗೇಣು ಕಡ್ಡಿಯಿಂದ ಆರಂಭವಾದುದು. ಈಗ ಸುತ್ತಿನ ಎಷ್ಟು ಬೀದಿಗಳಲ್ಲಿ ಅದರ ಸಂತತಿಯಿದೆಯೆಂಬುದನ್ನು ಲೆಕ್ಕವಿಟ್ಟವರಿಲ್ಲ. ಕೇಳಿದವರಿಗೆಲ್ಲ ಎರಡು ಗೆಣ್ಣಿರುವ ತುಂಡೊಂದನ್ನು ಮುರಿದು ಕೊಡುತ್ತೇವೆ, ಬಳ್ಳಿ ಮುರಿದ ಜಾಗದಲ್ಲಿ ಎರಡು ಕವಲೊಡೆಯುತ್ತದೆ. ಕಳೆದ ಬೇಸಗೆಯಲ್ಲಿ ನೀರಿನ ಅಭಾವದಿಂದ ನಮ್ಮ ಮೂಲದ ಬಳ್ಳಿಯೇ ಒಣಗಿಹೋದಾಗ, ಮಳೆ ಬಂದ ವಾರದೊಳಗೆ ಮೂರನೆಯ ಅಡ್ಡರಸ್ತೆಯವರೊಬ್ಬರು ಅದರ ಮಗಳನ್ನೋ ಮೊಮ್ಮಗಳನ್ನೋ ತಂದು ನೆಟ್ಟುಹೋದರು.

ಇದನ್ನೆಲ್ಲ ಓದಿ, ನಮಗೆ ಪೇಟೆಯ ತರಕಾರಿಯ ಹಂಗು ತಪ್ಪಿತೆಂದು ಯಾರೂ ತಿಳಿಯಬಾರದು. ವಾರದಲ್ಲಿ ಎರಡು ದಿನದ ಸಾರಿಗೆ ಒದಗುವಷ್ಟು ಸಿಕ್ಕಿದರೆ ಆ ವಾರ ಸುಭಿಕ್ಷ. ಗೊಬ್ಬರ, ಬೇವಿನ ಹಿಂಡಿ, ಬೇಲಿಯ ತಂತಿಗಳ ಖರ್ಚನ್ನು ಕೂಡಿಸಿದರೆ ನಮ್ಮ ಟೊಮ್ಯಾಟೊವಿನಷ್ಟು ದುಬಾರಿಯಾದ ಟೊಮ್ಯಾಟೊ ಮೈಸೂರಿನಲ್ಲಿ ಮತ್ತೊಂದಿರಲಾರದು. ಕೋತಿಗಳ ವಿಚಾರ ಎತ್ತುವುದಿಲ್ಲ. ಅದು ಬೇರೊಂದು ಲೇಖನದ ವಸ್ತು, ಅದಕ್ಕೆ ಬೇಕಾದ ಭಾಷೆ ಅಚ್ಚಿಗೆ ತಕ್ಕುದಲ್ಲ. ಜಗಳಗಳು ನಿಂತಿವೆಯೇ? ಇಲ್ಲ. ಆದರೆ ತೂಕದ ಜಗಳ ನಿಂತಿದೆ. ಈಗಿನದು ನೀರಿನ ಸರದಿಯ ಜಗಳ. ಕಸದ ಚೀಲ ಎಸೆಯುತ್ತಿದ್ದ ಸಂಭಾವಿತರಲ್ಲಿ ಒಬ್ಬರನ್ನು ಮೊನ್ನೆ ಕಲ್ಲಿನ ಬಳಿ ಕಂಡೆ. ಒಂದು ಕಟ್ಟು ದಂಟು ತೆಗೆದುಕೊಂಡು, ಸ್ವಲ್ಪ ಯೋಚಿಸಿ, ಮನೆಗೆ ಹೋಗಿ ತಮ್ಮ ಅಂಗಳದ ಎರಡು ನಿಂಬೆಹಣ್ಣು ತಂದಿಟ್ಟರು.

ನಿಮ್ಮ ಬೀದಿಯಲ್ಲಿಯೂ ಇಂಥ ಮೂಲೆಯಿದ್ದು, ನಾಲ್ಕು ಮನೆಯವರು ಒಪ್ಪಿದರೆ, ಮೊದಲ ವರ್ಷ ಟೊಮ್ಯಾಟೊವಿನ ಆಸೆಗೆ ಬೀಳಬೇಡಿ. ದಂಟು, ಮೆಂತ್ಯ, ಹರಿವೆ ಹಾಕಿ. ತಿಂಗಳೊಳಗೆ ಕೈಗೆ ಬರುತ್ತದೆ, ಮಕ್ಕಳಿಗೂ ಉತ್ಸಾಹ ಉಳಿಯುತ್ತದೆ. ತಕ್ಕಡಿ ಕೊಳ್ಳಬೇಡಿ, ಒಂದು ಕಲ್ಲು ಹುಡುಕಿ. ಬಸಳೆಯ ಕಡ್ಡಿ ಬೇಕಾದರೆ ನಮ್ಮಲ್ಲಿದೆ. ಬರುವಾಗ ಒದ್ದೆ ಗೋಣಿಯ ಚೂರೊಂದನ್ನು ತನ್ನಿ, ದಾರಿಯಲ್ಲಿ ಬಾಡದಂತೆ ಸುತ್ತಿಕೊಡುತ್ತೇವೆ.